ಏಳನೇ ಪ್ರಶ್ನೆಗೆ ಬಡಗಿಯ ಉತ್ತರ

ಗುಡ್ಡಕ್ಕೆ ಬೆಂಕಿ ಬಿದ್ದ ದಿನ ದರ್ಜಿಯಮ್ಮನ ಮನೆ ಉಳಿಯಿತು, ಅವಳ ಗಂಡ ಬಡಗಿಯ ಶೆಡ್ಡು ಉಳಿಯಲಿಲ್ಲ. ಮನೆ ಉಳಿದದ್ದು ಅದೃಷ್ಟದಿಂದಲ್ಲ. ಬೇಸಿಗೆಗೆ ಮೊದಲೇ ಮಾಡು ಹತ್ತಿ ತರಗೆಲೆ ಗುಡಿಸಿ, ಸುತ್ತಲಿನ ಅಂಗಳವನ್ನು ಬೋಳುತಲೆಯಂತೆ ಮಾಡಿಟ್ಟದ್ದು ಅವಳ ಹಟ. ಶೆಡ್ಡಿನ ಹಿಂದೆ ಸೊಂಟದೆತ್ತರ ಬೆಳೆದ ಹುಲ್ಲು ಸವರುವುದೊಂದು ಬಡಗಿಯ ಪಾಲಿನ ಕೆಲಸವಾಗಿತ್ತು. "ನಾಳೆ ಸವರ್ತೀನಿ ಕಣೇ" ಎನ್ನುವುದರಲ್ಲೇ ಅವನ ಮೂರು ಬೇಸಿಗೆ ಕಳೆದವು.

ಗುಡ್ಡದ ಮೇಲೆ ವಿದ್ಯುತ್ ಕಂಪನಿಯ ತಂತಿಗೆ ತಂತಿ ತಾಗಿ ಕಿಡಿ ಉದುರಿದ್ದನ್ನು ಇಡೀ ಬೀದಿ ಕಂಡಿತ್ತು. ತಂತಿಯ ಕೆಳಗಿನ ಒಣಹುಲ್ಲನ್ನೇ ದಾರಿ ಮಾಡಿಕೊಂಡು ಬೆಂಕಿ ಶೆಡ್ಡಿನವರೆಗೆ ನಡೆದು ಬಂತು. ಗರಗಸದ ಯಂತ್ರ, ಉಜ್ಜುಗೊರಡುಗಳು, ಎಂಟು ವರ್ಷ ನೆರಳಲ್ಲಿ ಒಣಗಿಸಿದ ಹಲಗೆಗಳು ಎಲ್ಲ ಬೂದಿ. ಪರಿಹಾರ ಸಿಕ್ಕದಿದ್ದರೆ ಐವತ್ತೆಂಟರ ಬಡಗಿ ಯಾರದೋ ಕಾರ್ಖಾನೆಯ ಗೇಟಿನಲ್ಲಿ ಕಾವಲು ನಿಲ್ಲಬೇಕಿತ್ತು.

ಮೂರನೇ ವಾರ ಕಂಪನಿಯ ಅಧಿಕಾರಿ ಬಂದು ಬಡಗಿ ತುಂಬಿ ಕಳಿಸಿದ್ದ ಪರಿಹಾರದ ಅರ್ಜಿಯ ಫೈಲನ್ನು ಹೊಲಿಗೆ ಮೇಜಿನ ಮೇಲೆ ಬಿಚ್ಚಿದ. ಬಾಗಿಲಲ್ಲಿ ಅಂಚೆಚೀಲ ಇಳಿಸಿ ಅವಳ ಮೈದುನ, ಅಂಚೆಯವನೂ ಕೂತಿದ್ದ.

"ನಿಮ್ಮ ಅರ್ಜಿ ನಿಲ್ಲಲ್ಲ ಕಣಮ್ಮ. ಕಿಡಿ ನಮ್ಮದೇ ಇರಬಹುದು, ನಿರ್ಲಕ್ಷ್ಯ ನಿಮ್ಮದು. ಯಜಮಾನರೇ ಒಪ್ಪಿಕೊಂಡಿದಾರೆ."

ದೊಡ್ಡವರು ಮಾಡಿದರೆ ಆಕಸ್ಮಿಕ, ದುಡಿಯುವವರು ಮಾಡಿದರೆ ನಿರ್ಲಕ್ಷ್ಯ. ಕಂಪನಿಗಳ ನಿಘಂಟಿನಲ್ಲಿ ಒಂದೇ ತಪ್ಪಿಗೆ ಎರಡು ಹೆಸರು.

"ಏನಂತ ಒಪ್ಪಿಕೊಂಡಿದಾರೆ?" ಎಂದಳು ದರ್ಜಿಯಮ್ಮ. ಬಡಗಿ ಕಿಟಕಿಯ ಕಡೆ ತಿರುಗಿ ಚೌಕಟ್ಟಿನ ಕೀಲು ಪರೀಕ್ಷಿಸತೊಡಗಿದ.

ಅಧಿಕಾರಿ ಓದಿದ. "ಪ್ರಶ್ನೆ ಏಳು. ಬೆಂಕಿ ತಡೆಯಲು ಕೈಗೊಂಡ ಮುನ್ನೆಚ್ಚರಿಕೆ ಏನು? ಉತ್ತರ: ನಾನು ಏನೂ ಮಾಡಲಿಲ್ಲ. ಹಿಂದಿನ ಹುಲ್ಲು ಸವರಿ ಎಂದು ನನ್ನ ಹೆಂಡತಿ ಮೂರು ವರ್ಷ ಹೇಳಿದಳು. ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಹೇಳಿದ್ದೇ ಸರಿ. ಇವತ್ತು ನಮಗೆ ತಲೆಯ ಮೇಲೊಂದು ಸೂರು ಉಳಿದಿದ್ದರೆ ಅದು ಅವಳಿಂದ."

ಮೈದುನ ಹಣೆ ಚಚ್ಚಿಕೊಂಡ. "ಇಪ್ಪತ್ತು ವರ್ಷದಿಂದ ಅಂಚೆ ಹಂಚ್ತಿದೀನಿ ಅತ್ತಿಗೆ, ಇಂಥಾ ತಪ್ಪು ವಿಳಾಸದ ಕಾಗದ ನೋಡಿಲ್ಲ. ನಿಮಗೆ ಬರೀಬೇಕಾದ್ದನ್ನ ಕಂಪನಿಗೆ ಹಾಕಿದಾನೆ!"

"ನಿಜ ಕೇಳಿದ್ರು, ನಿಜ ಬರೆದೆ" ಎಂದು ಬಡಗಿ ಗೊಣಗಿದ.

"ನನ್ನ ಮುಖ ನೋಡಿ ಹೇಳೋಕೆ ಏನಾಗಿತ್ರೀ ನಿಮಗೆ?"

"ನೀನು ಬೈತಿದ್ದೆ."

ಬೈಯಲೆಂದೇ ಬಾಯಿ ತೆರೆದವಳು ಸೆರಗಿನಿಂದ ಮೂಗೊರೆಸಿ ಅಧಿಕಾರಿಯ ಕಡೆ ತಿರುಗಿದಳು.

"ಸಾರ್, ನಾನು ಸವರಿ ಅಂದ ಹುಲ್ಲು ಯಾರದು? ತಂತಿಯ ಎರಡೂ ಕಡೆ ಆರು ಮೀಟರು ನಾವೇ ಸ್ವಚ್ಛ ಇಡ್ತೀವಿ ಅಂತ ಕಂಬ ನೆಡುವಾಗ ನಿಮ್ಮೋರೇ ಕರಾರು ಬರ್ಕೊಟ್ಟಿದಾರೆ. ನೀವು ಬರಲ್ಲ ಅಂತ ಖಾತ್ರಿ ಆದ ಮೇಲೆ ಇವರ ಪ್ರಾಣ ತಿಂದೆ. ನಿಮ್ಮ ಕೆಲಸ ಇವರ ಕೈಲಿ ಮಾಡಿಸೋಕೆ ಹೊರಟಿದ್ದೆ ನಾನು!"

"ನಮಗೆ ಯಾರೂ ತಿಳಿಸಿರಲಿಲ್ಲ."

ಅವಳು ಗುಂಡಿ ತುಂಬಿದ ಡಬ್ಬಿ ಬೋರಲು ಹಾಕಿದಳು. ಗುಂಡಿಗಳ ನಡುವಿನಿಂದ ಹುಲ್ಲಿನ ಬಗ್ಗೆ ಅವಳು ಕಂಪನಿಗೆ ಬರೆದಿದ್ದ ಮೂರು ರಿಜಿಸ್ಟರ್ಡ್ ಪತ್ರಗಳ ಸ್ವೀಕೃತಿ ಚೀಟಿಗಳು ಹೊರಬಂದವು, ಮೂರಕ್ಕೂ ಕಂಪನಿಯ ಮೊಹರು.

ಹುಲ್ಲು ಯಾರದೆಂದು ಅಳೆದೇ ನೋಡಲು ಎಲ್ಲರೂ ಹಿತ್ತಲಿಗೆ ನಡೆದರು. ಅವಳ ಹೊಲಿಗೆಯ ಅಳತೆಪಟ್ಟಿಯನ್ನೇ ಮತ್ತೆ ಮತ್ತೆ ಹಾಸುತ್ತ ಹೋದರು, ಒಂದು ತುದಿ ಅಧಿಕಾರಿಯ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ.

"ಬಿಗಿಯಾಗಿ ಹಿಡೀರಿ ಸಾರ್, ಸಡಿಲ ಬಿಟ್ರೆ ಅಂಗಿ ಯಾರಿಗೂ ಕೂರಲ್ಲ."

ತಂತಿಯ ನೇರದಿಂದ ಶೆಡ್ಡಿನ ಗೋಡೆಯ ಬುಡಕ್ಕೆ ಆರೂವರೆ ಮೀಟರು. ಸುಟ್ಟ ಹುಲ್ಲಿನಲ್ಲಿ ಮೊಳದಗಲದ ಅಂಚೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಕಂಪನಿಯದು.

ಅಧಿಕಾರಿ ದನಿ ಇಳಿಸಿದ. "ಒಂದು ಕೆಲಸ ಮಾಡಿ. ಆ ಏಳನೇ ಉತ್ತರ ಹೊಡೆದುಹಾಕಿ ಸಹಿ ಮಾಡಿಬಿಡಿ. ಇಬ್ಬರಿಗೂ ತಲೆನೋವಿಲ್ಲ, ಅರ್ಧ ಪರಿಹಾರ ಇವತ್ತೇ ಬರೀತೀನಿ."

ಬಡಗಿ ಆಸೆಯಿಂದ ಪೆನ್ನಿಗೆ ಕೈ ಚಾಚಿದ. ಅವಳು ಆ ಕೈಯನ್ನು ಹಿಡಿದುಕೊಂಡಳು, ಬಿಡಲಿಲ್ಲ.

"ಒಂದಕ್ಷರ ಹೊಡೆಯೋ ಹಾಗಿಲ್ಲ. ಅಪಾಯ ಇದೆ ಅಂತ ಮೂರು ವರ್ಷದಿಂದ ಹೇಳ್ತಿದ್ದೆ ಅನ್ನೋಕೆ ಅದೇ ಸಾಕ್ಷಿ. ಅದರ ಕೆಳಗೆ ನೀವು ಅಳೆದದ್ದನ್ನ ಬರೀರಿ, ಪತ್ರಗಳ ತಾರೀಖು ಬರೀರಿ. ಪೂರ್ತಿ ಪರಿಹಾರಕ್ಕೆ ಕಳಿಸಿ. ಆಗಲ್ಲ ಅಂದ್ರೆ ಬೀದಿಯೋರನ್ನೆಲ್ಲ ಕರ್ಕೊಂಡು ನಿಮ್ಮ ಕಚೇರಿಗೇ ಬರ್ತೀನಿ, ಕೋರ್ಟಿಗೂ ಹೋಗ್ತೀನಿ."

ಅಧಿಕಾರಿ ಸ್ವೀಕೃತಿ ಚೀಟಿಗಳ ಮೊಹರನ್ನು ಇನ್ನೊಮ್ಮೆ ತಿರುವಿ ನೋಡಿದ. ಕೊನೆಗೆ ಬರೆದ, ತಾರೀಖು ಹಾಕಿ ಸಹಿ ಮಾಡಿದ.

"ಈ ಹಾಳೆ ನಕಲು ಎರಡು ಬೇಕು" ಎಂದಳು.

"ಕೋರ್ಟಿಗೆ ಒಂದು ಸಾಕಲ್ಲಮ್ಮ?"

"ಕೋರ್ಟಿಗೆ ಒಂದು" ಎಂದಳು ದರ್ಜಿಯಮ್ಮ, ಗಂಡನ ಕೈ ಇನ್ನೂ ಬಿಡದೆ. "ಇನ್ನೊಂದು ನಂಗೆ."