ತಪಾಸಣೆಗೆ ಮುಂಚಿನ ಮುಲಾಮು

ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ತಿಂಗಳಿಗೊಮ್ಮೆ ಕೈಗಳ ತಪಾಸಣೆ ನಡೆಯುತ್ತಿತ್ತು. ಹೆಂಗಸರು ಅಂಗಿಯ ತೋಳು ಮಡಚಿ, ಟ್ಯೂಬ್‌ಲೈಟಿನ ಕೆಳಗೆ ಸಾಲಾಗಿ ನಿಂತು ಕೈ ಚಾಚಬೇಕು. ನರ್ಸಮ್ಮ ತಿರುಗಿಸಿ ನೋಡಿ ಮುಂದಕ್ಕೆ ಕಳಿಸಬೇಕು. ಅಕ್ಕತಂಗಿಯರಿಬ್ಬರಲ್ಲಿ ಅಕ್ಕ ಅಲ್ಲೇ ಕೆಲಸಕ್ಕಿದ್ದಳು. ಅವಳ ಮಣಿಕಟ್ಟಿನಲ್ಲಿ ಹುಳುಕಡ್ಡಿ ಎದ್ದು ವರ್ಷವಾಗುತ್ತ ಬಂದಿದ್ದರೂ ಅವಳು ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ತಪಾಸಣೆ ಹತ್ತಿರ ಬಂದಾಗಲೆಲ್ಲ ಮಾವನ ಮುಲಾಮು ಹಚ್ಚಿಕೊಳ್ಳುತ್ತಿದ್ದಳು.

ಮಾವ ಎಂದರೆ ಅಮ್ಮನ ತಮ್ಮ. ಅವನ ಔಷಧಿ ಅಂಗಡಿಯಿಂದಾಗಿ ಬೀದಿಯವರು ಅವನನ್ನು ‘ಅರ್ಧ ಡಾಕ್ಟ್ರು’ ಎನ್ನುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. ತುರಿಕೆ ಎಂದು ಯಾರು ಬಂದರೂ ಅದೇ ಟ್ಯೂಬು, ಅದೇ ಮಾತು. “ಹುಳಕ್ಕೊಂದು, ಕೀವಿಗೊಂದು, ಕೆಂಪಿಗೊಂದು. ಮೂರೂ ಒಂದರಲ್ಲೇ ಇದೆ. ಇನ್ನೇನು, ಬೇಯಿಸಿ ಹಾಕ್ಬೇಕಾ?”

ತಂಗಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪದವಿ ಪಡೆದು ರೋಗಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ಭಾನುವಾರ ಬಟ್ಟೆ ಹಿಂಡುತ್ತಿದ್ದ ಅಕ್ಕನ ತೋಳು ಅವಳ ಕಣ್ಣಿಗೆ ಬಿತ್ತು. ಉಂಗುರದಂತಿದ್ದ ಗುರುತು ಅಂಚು ಕಳೆದುಕೊಂಡು, ಮಸುಕಾಗಿ, ಮೊಣಕೈ ದಾಟಿತ್ತು.

“ಇದೇನೇ ಅಕ್ಕ, ಇಷ್ಟಾಗಿದೆ?”

“ಕೆಂಪಿಲ್ವಲ್ಲ. ಹಚ್ಚಿದ ಮಾರನೇ ದಿನಾನೇ ಇಳಿದುಹೋಗುತ್ತೆ.”

“ಇಳಿಯೋದು ಕೆಂಪು, ಕಾಯಿಲೆ ಅಲ್ಲ. ಅದರಲ್ಲಿ ಸ್ಟೀರಾಯ್ಡ್ ಇದೆ ಕಣೇ.”

ಮರುದಿನ ತಂಗಿ ತೋಳಿನ ಹೊಟ್ಟನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ಕ್ಷಾರದ ಹನಿ ಹಾಕಿ ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಶಿಲೀಂಧ್ರದ ಎಳೆಗಳು ಕವಲೊಡೆದು ದಟ್ಟವಾಗಿ ಹಬ್ಬಿದ್ದವು. ಸ್ಟೀರಾಯ್ಡ್ ಚರ್ಮದ ಪ್ರತಿರೋಧವನ್ನು ತಣ್ಣಗಾಗಿಸಿತ್ತು; ಆ ಮರೆಯಲ್ಲಿ ಅವು ನಿಶ್ಚಿಂತೆಯಿಂದ ಬೆಳೆದಿದ್ದವು. ಅವಳು ಅಕ್ಕನನ್ನು ಚರ್ಮರೋಗ ತಜ್ಞೆಯ ಬಳಿ ಕರೆದೊಯ್ದಳು. ಹಳೆಯ ಟ್ಯೂಬು ಬಂದ್; ಬರೀ ಶಿಲೀಂಧ್ರನಾಶಕ ಮುಲಾಮು, ಜೊತೆಗೆ ಮಾತ್ರೆ. “ಮೊದಮೊದಲು ಇನ್ನೂ ಕೆಂಪಾಗುತ್ತೆ, ಹೆದರಬೇಡಿ,” ಎಂದರು ತಜ್ಞೆ.

ಕೆಂಪಾಯಿತು. ಮಣಿಕಟ್ಟಿನಿಂದ ಮೇಲಕ್ಕೆ ಬೆಂಕಿ ತಾಗಿದಂತೆ ಉರಿದು ಎದ್ದಿತು. ಅದನ್ನು ನೋಡಿ ಮಾವ ಖುಷಿಯಾದ. “ನನ್ನ ಟ್ಯೂಬಲ್ಲಿ ಸುಮ್ಮನೆ ಮಲಗಿತ್ತು. ಗಾಜಿನ ಮೇಲೆ ನೋಡಿದವರು ಎಬ್ಬಿಸಿದ್ರು.”

ತಪಾಸಣೆಯ ಹಿಂದಿನ ಸಂಜೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳು ತಲೆಯೆತ್ತಿ ಓಡಾಡುತ್ತಿದ್ದುದು ಆ ಕೆಲಸದ ಬಲದಿಂದಲೇ.

“ಇದೊಂದು ಸಲ ಹಚ್ಕೊಂಡುಬಿಡ್ಲಾ?”

“ಬೇಡ. ಇಷ್ಟು ದಿನ ತಡೆದದ್ದೆಲ್ಲ ಹಾಳಾಗುತ್ತೆ.”

“ಕೆಲಸ ಹಾಳಾದ್ರೆ?”

“ಇದ್ದದ್ದು ಇದ್ದ ಹಾಗೆ ಹೇಳು. ಚಿಕಿತ್ಸೆ ನಡೀತಿದೆ ಅನ್ನು. ವಾಸಿಯಾಗೋವರೆಗೆ ರಜೆ ಕೇಳು. ಕಾಯಿಲೆ ಮುಚ್ಚಿಟ್ಟವರಿಗಿಂತ ಹೇಳಿದವರೇ ಅವರಿಗೂ ಒಳ್ಳೇದಲ್ವಾ?”

ಅಕ್ಕ ತಂಗಿಯ ಮುಖವನ್ನೇ ನೋಡಿದಳು. “ನೀನು ಓದಿದವಳು,” ಎಂದು ಒಳಗೆ ಹೋದಳು.

ಮರುದಿನ ಮಧ್ಯಾಹ್ನಕ್ಕೇ ಮರಳಿದಳು. ಟೊಪ್ಪಿ, ಏಪ್ರನ್ ಎರಡನ್ನೂ ಅಲ್ಲಿಯೇ ಬಿಚ್ಚಿಸಿಕೊಂಡಿದ್ದರು. ತಿಂಡಿ ಮುಟ್ಟುವ ಕೈಯಲ್ಲಿ ಇಂಥ ರೋಗ ಇಟ್ಟುಕೊಂಡದ್ದಕ್ಕೆ ಕೆಲಸದಿಂದಲೇ ತೆಗೆದಿದ್ದರು.

“ಹೇಳ್ಲಿಲ್ವಾ ನೀನು?”

“ಹೇಳಿದೆ. ನೀನು ಹೇಳಿಕೊಟ್ಟ ಹಾಗೇ, ಒಂದು ಮಾತೂ ಬಿಡದೆ ಹೇಳಿದೆ.” ಅಕ್ಕ ಚಪ್ಪಲಿಯನ್ನು ಗೋಡೆಗೆ ಒತ್ತಿ ಜೋಡಿಸಿದಳು. “ನನ್ನ ಹಿಂದೆ ನಿಂತಿದ್ದವಳಿಗೂ ಇದೇ ಇದೆ. ಅವಳು ಹಚ್ಕೊಂಡು ಬಂದಿದ್ಲು, ಪಾಸಾದ್ಲು. ನರ್ಸಮ್ಮ ಏನಂದ್ರು ಗೊತ್ತಾ? ಕೈ ಬಿಡೋವಾಗ ಕಿವಿಯಲ್ಲಿ ಅಂದ್ರು: ‘ನಿನ್ನೆ ಸ್ವಲ್ಪ ಹಚ್ಕೊಂಡು ಬರೋಕೆ ಏನಾಗಿತ್ತು ನಿಂಗೆ?’”

ಅಮ್ಮ ಒಳಗಿನಿಂದಲೇ, “ಮನೇಲಿ ಒಬ್ರು ಓದಿದ್ರೆ ಸಾಕಪ್ಪಾ, ಎಲ್ಲರಿಗೂ ಆಯ್ತು,” ಎಂದು ಪಾತ್ರೆ ಕುಕ್ಕಿದಳು. ಮಾವನ ಅಂಗಡಿಯಲ್ಲಿ ಈ ಕಥೆ ವಾರಗಟ್ಟಲೆ ಓಡಿತು. ಅದರ ಜೊತೆಗೆ ಟ್ಯೂಬೂ ಓಡಿತು.

ಅಕ್ಕ ಮಾತ್ರ ಮಾತ್ರೆ ನಿಲ್ಲಿಸಲಿಲ್ಲ. ಚರ್ಮ ನಿಧಾನವಾಗಿ ತಿಳಿಯಾಯಿತು. ಮತ್ತೊಮ್ಮೆ ಕೆರೆದು ನೋಡಿದಾಗ ಗಾಜಿನ ಮೇಲೆ ಒಂದು ಎಳೆಯೂ ಕಾಣಲಿಲ್ಲ. ಆ ಸಂಜೆ ತಂಗಿ ಓಡೋಡಿ ಬಂದು ಹೇಳಿದಳು. ಅಕ್ಕ ಕೇಳಿಸಿಕೊಂಡಳು. ಆಮೇಲೆ ಎದ್ದು, ದೀಪ ಹಾಕಿ, ತೋಳು ಮಡಚಿ, ಸಾಲಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಎರಡೂ ಕೈಗಳನ್ನು ತಂಗಿಯ ಮುಂದೆ ಚಾಚಿದಳು.

“ನೋಡು, ಚೆನ್ನಾಗಿ ನೋಡು. ಇನ್ಯಾರಿಗೆ ತೋರಿಸ್ಲಿ?”