ಭಟ್ಟಿಯವರ ಹೆಂಡಂದಿರು

ಕಾದ ಸೌಟು ತೊಡೆಗೆ ತಾಗಿದಾಗ ರುಕ್ಮವ್ವ ಚೀರಲಿಲ್ಲ. ಚೀರಿದರೆ ಇನ್ನೊಂದು ಬರೆ ಬೀಳುತ್ತದೆ ಅನ್ನುವುದು ಮದುವೆಯಾದ ಮೇಲೆ ಕಲಿತ ಬುದ್ಧಿ. ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಸುಟ್ಟ ಹೊಲದಾಗ ಬೀಜಾ ಚಿಗೀತೈತಂತ ದೇವ್ರ ಹೇಳಾವ ಹೇಳಿದ್ದ,” ಅತ್ತೆ ಹನುಮವ್ವ ಸೌಟನ್ನು ಒಲೆಯ ಬದಿಗಿಟ್ಟಳು. “ನಿನ್ನ ಸುಟ್ಟರೂ ಅಷ್ಟ, ಬಿಟ್ಟರೂ ಅಷ್ಟ. ಸೋಮಾರ ಕಲಘಟಗಿಗೆ ಇವಗ ಬ್ಯಾರೆ ಹೆಣ್ಣ ನೋಡಾಕ ಹೊಂಟೇವಿ. ನಿನ್ನ ಗಂಟಾ ಕಟ್ಕೊ.”

ಗಂಡ ಯಮನಪ್ಪ ಹೊಟ್ಟೆ ಅಮುಕಿಕೊಂಡು ಗೋಡೆಗೊರಗಿ ಕೂತಿದ್ದ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಭಟ್ಟಿಯಲ್ಲಿ ಅವನ ಕೆಲಸ. ರುಕ್ಮವ್ವ ಅವನ ಮುಖ ನೋಡಿದಳು.

“ಏನ್ ನೋಡ್ತೀಯಲೇ?” ಅಂದವನೇ ಕಾಲಿನಿಂದ ಒದ್ದ.

ಮರುದಿನ ಅದೇ ಕಾರ್ಖಾನೆಯಲ್ಲಿ ಆಳುಗಳನ್ನು ದುಡಿಸುವ ಮುಕಾದಮ ಸಿದ್ದಲಿಂಗಪ್ಪನ ಮನೆಯಲ್ಲಿ ಸೊಸೆಯ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಎತ್ತುವ ಸಡಗರ. ಓಣಿಯ ಬಂಜೆಯರಿಗೂ ಕರೆ ಬಂದಿತ್ತು. ಎಲ್ಲಿಗೆ ಅಂತೀರಿ? ಹಿತ್ತಲಿಗೆ, ಪಾತ್ರೆ ತಿಕ್ಕುವುದಕ್ಕೆ.

“ಆರತಿ ಆಗೂ ತನಕ ಹಣಿಕಿ ಹಾಕಬ್ಯಾಡ್ರೆವಾ, ಹುಡಿಗಿಗೆ ದೃಷ್ಟಿ ತಾಗತೈತಿ,” ಎಂದು ಮುಕಾದಮನ ಹೆಂಡತಿ ತಾರಾಬಾಯಿ ಹಿತ್ತಲ ಬಾಗಿಲಿಗೆ ಚಿಲಕ ಹಾಕಿಕೊಂಡಳು.

ಹೊರಗೆ ನಾಲ್ವರು ಉಳಿದರು. ರುಕ್ಮವ್ವ, ಪಕ್ಕದ ಓಣಿಯ ರೆಹಮತ್‌ಬಿ, ಮತ್ತೆ ಅಣ್ಣತಮ್ಮಂದಿರನ್ನು ಕಟ್ಟಿಕೊಂಡ ಇಬ್ಬರು ನೆಗೆಣ್ಣಿಯರು.

“ಇಲ್ಲೇ ಒಂದ ಬಂಜ್ಯಾರ ಸಂಘಾ ಕಟ್ಟೋಣ ನಡೀರಿ,” ಅಂದಳು ರೆಹಮತ್‌ಬಿ. “ಅಧ್ಯಕ್ಷಳು ನಾನ. ಎಲ್ಲಾರಿಗಿಂತ ಜಾಸ್ತಿ ಬೈಸ್ಕೊಂಡಾಕಿ ನಾನ ಅದೇನಿ.”

ನಕ್ಕರು. ನಗುತ್ತಲೇ ಹಿರಿಯ ನೆಗೆಣ್ಣಿ ಕೊಪ್ಪರಿಗೆಗೆ ಬೂದಿ ಹಚ್ಚಿದಳು. “ನಮ್ಮನೀಯವ್ರಿಗೆ ಊಟಾನ ಸೇರವಲ್ದು. ಬಾಯೆಲ್ಲಾ ತುಕ್ಕ ನೆಕ್ಕಿದಂಗ ಆಗತೈತಂತ. ಹೊಟ್ಟಿ ಹಿಡ್ಕೊಂಡ ಉಳ್ಳಾಡ್ತಾರ.”

“ನಮ್ಮವ್ರೂ ಹಂಗ ನೋಡವಾ,” ಅಂದಳು ರುಕ್ಮವ್ವ. “ನಿಮ್ಮವ್ರು ಎಲ್ಲಿ ದುಡೀತಾರ?”

“ಭಟ್ಟ್ಯಾಗ. ಇಬ್ರೂ.”

“ನಮ್ಮ ರಸೂಲಸಾಬನೂ ಅಲ್ಲೇ,” ಅಂದಳು ರೆಹಮತ್‌ಬಿ. ಅವಳ ಮುಖದ ನಗು ಮಾಯವಾಗಿತ್ತು.

ತಿಕ್ಕುವ ಕೈಗಳು ನಿಂತವು. ಒಳಗೆ ಸೋಬಾನೆ ಶುರುವಾಯಿತು.

“ಗೇಟಿನ್ಯಾಗ ಕುಂದರಾವ್ರ ಹೆಂಡ್ರು ಒಳಗದಾರ,” ರುಕ್ಮವ್ವ ಮೆಲ್ಲಗೆ ಅಂದಳು. “ಲಾರಿ ತುಂಬಾವ್ರ ಹೆಂಡ್ರೂ ಒಳಗದಾರ. ಭಟ್ಟ್ಯಾವ್ರ ಹೆಂಡ್ರಷ್ಟ ಯಾಕ ಹಿತ್ತಲದಾಗ?”

ಪಾತ್ರೆ ಅಲ್ಲೇ ಬಿಟ್ಟು ಎದ್ದರು. ಹಿತ್ತಲ ಗೋಡೆ ದಾಟಿ, ನೇರ ಧಾರವಾಡದ ದವಾಖಾನೆಗೆ ಹೋದರು. ಡಾಕ್ಟರಬಾಯಿ ಗೀತಾಂಜಲಿ ರುಕ್ಮವ್ವನ ಬರೆಗೆ ಮುಲಾಮು ಹಚ್ಚುತ್ತ ಎಲ್ಲ ಕೇಳಿದಳು.

“ಸೀಸ ರಕ್ತದಾಗ ಸೇರಿದ್ರ ಹೊಟ್ಟಿ ನೋಯ್ತದ, ಕೈ ಸೋಲ್ತಾವ, ಗಂಡಸರಿಂದ ಮಕ್ಕಳಾಗದಂಗೂ ಆಗ್ತದ್ರಿ. ತಪಾಸ ಮಾಡದ ನಾ ಹೇಳಾಕ ಬರೂದಿಲ್ಲ. ಗಂಡಂದಿರನ್ನ ಕರಕೊಂಡ ಬರ್ರಿ.”

ಕರೆದರು. ಕರೆದದ್ದಕ್ಕೆ ಸಿಕ್ಕಿದ್ದೇನು? ಕಿರಿಯ ನೆಗೆಣ್ಣಿಯ ತಲೆ ಒಡೆಯಿತು. ಯಮನಪ್ಪ ಒದ್ದ ಒದೆಗೆ ರುಕ್ಮವ್ವನ ತುಟಿ ಸೀಳಿತು.

“ನನ್ನ ಗಂಡಸ್ತನಾ ತಪಾಸ ಮಾಡಸ್ತೀಯೇನ, ರಂಡಿ?”

“ಭಟ್ಟೀನ ತಪಾಸ ಮಾಡಸ್ರಿ ಅಂದ್ನಿ,” ಅಂದಳು ರಕ್ತ ಉಗುಳಿ. ಮತ್ತೆ ಒದೆ ಬಿತ್ತು.

ಶನಿವಾರ ಬೆಳಿಗ್ಗೆ ನಾಲ್ವರೂ ಹೋಗಿ, ಭಟ್ಟಿಯವರ ರಕ್ತ ತಪಾಸ ಮಾಡಿಸಬೇಕು ಎಂದು ಕಾರ್ಖಾನೆಯ ಗೇಟಿಗೆ ಅಡ್ಡ ಕೂತರು. ಲಾರಿಗಳು ಸಾಲುಗಟ್ಟಿದವು. ಸಿದ್ದಲಿಂಗಪ್ಪ ಬಡಿಗೆ ಹಿಡಿದು ಬಂದ.

“ಹಡಿಯಾಕ ಬರ್ಲಿಲ್ಲಂದ್ರ ಮಾಲಕ ಏನ್ ಮಾಡ್ಬೇಕ್ರೆವಾ? ಅವನ ಬಂದ ಬಸರ ಮಾಡ್ಬೇಕೇನ?”

ಲಾರಿಯವರು ಕಿಸಕ್ಕನೆ ನಕ್ಕರು. ರೆಹಮತ್‌ಬಿ ಎದ್ದು ಅವನ ಮುಖಕ್ಕೆ ಉಗುಳಿದಳು. ಬಡಿಗೆ ಅವಳ ಮೊಣಕೈ ಮೇಲೆ ಬಿತ್ತು. ಎಲುಬು ಮುರಿದ ಸಪ್ಪಳ ಎಲ್ಲರಿಗೂ ಕೇಳಿತು.

ಆಗ ರುಕ್ಮವ್ವ ಗೇಟಿನ ಸರಳು ಹಿಡಿದು, ಎಂದೂ ಬಾಯಲ್ಲಿ ಆಡದ ಗಂಡನ ಹೆಸರನ್ನು ಗಂಟಲು ಹರಿಯುವಂತೆ ಕೂಗಿದಳು. “ಯಮನಪ್ಪಾ! ಏ ಯಮನಪ್ಪಾ! ಹೊರಗ ಬಾರೋ!”

ಭಟ್ಟಿಯವರೆಲ್ಲ ಮೈತುಂಬ ಬೂದು ಪುಡಿ ಮೆತ್ತಿಕೊಂಡು ಹೊರಬಂದರು. ಯಮನಪ್ಪ ಮುಂದಿದ್ದ.

“ಎಳಕೊಂಡ ನಡಿಯಲೇ ಈಕೀನ,” ಗುಡುಗಿದ ಮುಕಾದಮ. “ಇಲ್ಲಾಂದ್ರ ನೀನೂ ಕೆಲಸಾ ಬಿಟ್ಟ ನಡಿ.”

ಯಮನಪ್ಪ ಗೇಟು ದಾಟಿ ಬಂದು ಅವಳ ತುರುಬಿಗೆ ಕೈ ಹಾಕಿದ.

“ಎಳಿ,” ಅಂದಳು. “ದವಾಖಾನಿಗೇ ಎಳಿ. ನಾನೂ ಬರ್ತೇನಿ, ನೀನೂ ಬಾ.”

ಅವನು ಎಳೆದ. ಕೂದಲು ಬೆರಳಿನಿಂದ ಜಾರಿತು. ಮತ್ತೆ ಹಿಡಿದ. ಮಣಿಕಟ್ಟು ಬಾಡಿದ ಎಲೆಯಂತೆ ಕೆಳಗೆ ಜೋತುಬಿತ್ತು. ಎತ್ತಲು ನೋಡಿದ, ಏಳಲಿಲ್ಲ. ಎಲ್ಲರೆದುರು ತನ್ನ ಕೈಯನ್ನೇ ನೋಡುತ್ತ ನಿಂತ. ಅವನ ಹಿಂದಿದ್ದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕೈ ನೋಡಿಕೊಂಡರು.

ರಸೂಲಸಾಬ ಹೆಂಡತಿಯ ಮುರಿದ ತೋಳನ್ನು ತನ್ನ ಹೆಗಲ ಮೇಲಿನ ವಲ್ಲಿಯಿಂದ ಕಟ್ಟಿ, ಅವಳ ಪಕ್ಕ ನೆಲಕ್ಕೆ ಕೂತ. ಅಣ್ಣತಮ್ಮಂದಿರೂ ಕೂತರು.  ಕೊನೆಗೆ ಯಮನಪ್ಪನೂ ರುಕ್ಮವ್ವನ ಪಕ್ಕ ಕೂತ.

“ಏಳ್ರಿಲೇ! ಭಟ್ಟಿ ಆರಾಕತ್ತೈತಿ!” ಸಿದ್ದಲಿಂಗಪ್ಪ ಬಡಿಗೆಯಿಂದ ಗೇಟು ಬಡಿದ. “ಸೀಸಾ ಗಟ್ಟಿ ಆಗತೈತಿ!”

“ಆಗ್ಲಿ,” ಅಂದಳು ರುಕ್ಮವ್ವ.