ಪಾದ್ರಿಯ ನಿಲುವಂಗಿ

ಕಾಲು ಮುರಿದು, ಹೊಲಿಗೆ ಯಂತ್ರ ತುಳಿಯಲಾಗದೆ ದರ್ಜಿ ಮನೆಯಲ್ಲಿ ಮಲಗಿದ್ದ. ಅಂಗಡಿಗೆ ಬೀಗ ಬಿದ್ದಿತ್ತು. ಕೋಪವಂತೂ ಮೂಗಿನ ತುದಿಯಲ್ಲೇ ಇತ್ತು. ನೋಡಲು ಬಂದ ಪಾದ್ರಿಯ ಮೇಲೆಯೇ ಹರಿಹಾಯ್ದ.

"ಫಾದರ್, ಪ್ರಾರ್ಥನೆ ಮಾಡಿ ಮಾಡಿ ಬಾಯಿ ಒಣಗಿಹೋಯ್ತು. ದೇವರಿಗೆ ಕೇಳಿಸ್ತೋ ಇಲ್ವೋ?"

"ಕೇಳಿಸಿರುತ್ತಪ್ಪ. ನಂಬಿ ಕಾಯಬೇಕು."

"ನಿಮಗೇನು, ಹೇಳೋದು ಸುಲಭ! ಕಾಯೋರಿಗೆ ಗೊತ್ತು ಕಷ್ಟ."

ಪಾದ್ರಿ ತಮ್ಮ ನಿಲುವಂಗಿಯ ಹರಿದ ಮೊಣಕೈಯನ್ನು ಮೆಲ್ಲಗೆ ಅವನ ಮುಂದೆ ಚಾಚಿದರು.

"ಹೊಸದಕ್ಕೆ ನೀನು ಅಳತೆ ತಗೊಂಡಾಗ ನಿನ್ನ ಎರಡು ಕಾಲೂ ಗಟ್ಟಿಮುಟ್ಟಾಗಿದ್ವು. ಕೇಳಿದಾಗಲೆಲ್ಲ 'ನಾಳೆ ಬನ್ನಿ ಫಾದರ್' ಅಂದೆ. ಬಟ್ಟೆ ಬಂದೇ ಬರುತ್ತೆ ಅಂತ ಇವತ್ತಿಗೂ ಕಾಯ್ತಿದ್ದೀನಿ. ನಿನ್ನನ್ನೇ ನಂಬಿದವನಿಗೆ ದೇವರನ್ನ ನಂಬೋದು ನೀರು ಕುಡಿದಷ್ಟು ಸುಲಭ ಕಣಪ್ಪ!"